ಒಂಟಿ ಕಾಲಿನ ಪರೀಕ್ಷೆಯಲ್ಲಿ ಫೇಲಾದ ಮೇಷ್ಟ್ರಿಗೆ

ಪ್ರಶ್ನೆ

ಡಾಕ್ಟರೇ, ನಾನು ಸಾಗರದ ಕಡೆಯ ನಿವೃತ್ತ ಶಾಲಾ ಮೇಷ್ಟ್ರು. ವಯಸ್ಸು 64. ಹನ್ನೊಂದು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಬಿಪಿಗೆ ಒಂದು ಮಾತ್ರೆ, ಪ್ರಾಸ್ಟೇಟ್‌ಗೆಂದು ರಾತ್ರಿ ಇನ್ನೊಂದು. ಸಸ್ಯಾಹಾರಿ. ದಿನಾ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ತಪ್ಪದೆ ನಡೆಯುತ್ತೇನೆ. ಸಂಜೆ ಗೆಳೆಯರ ಜೊತೆ ಶಟಲ್ ಆಡುತ್ತಿದ್ದೆ. ಈಗ ಒಂದು ವರ್ಷದಿಂದ ಬ್ಯಾಲೆನ್ಸ್ ಕೈಕೊಡುತ್ತಿದೆ. ನಿಂತು ಪ್ಯಾಂಟ್ ಹಾಕಿಕೊಳ್ಳಲು ಗೋಡೆ ಬೇಕು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಒಂದು ಕಡೆಗೆ ವಾಲಿದಂತಾಗುತ್ತದೆ. ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದೆ, ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೆ. ನಮ್ಮಮ್ಮ 78ನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಮತ್ತೆ ಮೇಲೇಳಲಿಲ್ಲ. ಆ ಭಯ ನನಗಿದೆ.

ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಬಂತು: 10 ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲಲಾಗದವರು ಏಳು ವರ್ಷದೊಳಗೆ ಸಾಯುವ ಸಾಧ್ಯತೆ 84 ಪರ್ಸೆಂಟ್ ಅಂತ. ನಾನು ಬಲಗಾಲಲ್ಲಿ ನಾಲ್ಕು, ಎಡಗಾಲಲ್ಲಿ ಆರು ಎಣಿಸುವಷ್ಟರಲ್ಲಿ ಕಾಲೂರಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಯೋಗ ಹೇಳಿಕೊಡುವವರು ವೃಕ್ಷಾಸನ ಮಾಡಿ ಅನ್ನುತ್ತಾರೆ. ಅಮೆರಿಕದಲ್ಲಿರುವ ಮಗ ಬ್ಯಾಲೆನ್ಸ್ ಬೋರ್ಡ್ ಕಳಿಸಿದ್ದಾನೆ. ಮಗಳು ಶಟಲ್ ಬಿಟ್ಟು ಮನೆಯಲ್ಲಿರಿ ಅನ್ನುತ್ತಾಳೆ. ಪಕ್ಕದ ಮನೆಯವರು ಇದು ಸರ್ವೈಕಲ್, ಕತ್ತಿಗೆ ಬೆಲ್ಟ್ ಹಾಕಿ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ

ಮೇಷ್ಟ್ರೇ, ನೀವು ಡಾಕ್ಟರೇ ಎಂದು ಕರೆದಿದ್ದೀರಿ, ನಾನು ಫಿಸಿಯೋಥೆರಪಿಸ್ಟ್. ವ್ಯಾಯಾಮದ ವಿಷಯ ನನ್ನದು, ಔಷಧಿಯ ವಿಷಯ ನಿಮ್ಮ ವೈದ್ಯರದ್ದು. ಕೆಳಗೆ ಎರಡೂ ಬರುತ್ತವೆ. ಮಾತ್ರೆಯ ಮಾತು ಬಂದಲ್ಲೆಲ್ಲ ಅದನ್ನು ಅವರ ಮುಂದಿಡಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ನಿಮ್ಮ ನಿದ್ದೆ ಕೆಡಿಸಿದ್ದು ಒಂಟಿ ಕಾಲಿನ ಲೆಕ್ಕ. ಪತ್ರ ಓದುವಾಗ ನಾನು ನಿಂತದ್ದು ಸೋಪಿನ ಸಾಲಿನಲ್ಲಿ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ವಾಲುವುದು ನರರೋಗ ತಜ್ಞರು ಕೇಳಿಯೇ ಕೇಳುವ ಲಕ್ಷಣ. ಅದನ್ನು ಆಮೇಲೆ ಬಿಡಿಸುತ್ತೇನೆ. ಮೊದಲು ನಿಮ್ಮನ್ನು ಹೆದರಿಸಿದ ಮೆಸೇಜನ್ನು ಮುಗಿಸಿಬಿಡೋಣ.

ಅದರ ಹಿಂದೆ ನಿಜವಾದ ಒಂದು ಅಧ್ಯಯನ ಇದೆ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದೊಳಗಿನ 1,702 ಜನರ ಮೇಲೆ ಮಾಡಿದ್ದು, 2022ರಲ್ಲಿ ಪ್ರಕಟವಾಯಿತು. ಐದರಲ್ಲಿ ಒಬ್ಬರಿಗೆ 10 ಸೆಕೆಂಡ್ ನಿಲ್ಲಲಾಗಲಿಲ್ಲ. ಮುಂದಿನ ಸುಮಾರು ಏಳು ವರ್ಷದಲ್ಲಿ, ನಿಲ್ಲಲಾಗದವರಲ್ಲಿ ನೂರಕ್ಕೆ 17–18 ಮಂದಿ ತೀರಿಕೊಂಡರು, ನಿಂತವರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ. ಅಂದರೆ ಪರೀಕ್ಷೆಯಲ್ಲಿ ಫೇಲಾದವರಲ್ಲೂ ನೂರಕ್ಕೆ 82 ಮಂದಿ ಬದುಕಿಯೇ ಇದ್ದರು! ಹಾಗಾದರೆ 84 ಎಲ್ಲಿಂದ ಬಂತು? ವಯಸ್ಸು, ತೂಕ, ಇರುವ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಒಂದು ಗುಂಪಿನ ಅಪಾಯ ಇನ್ನೊಂದಕ್ಕಿಂತ ಶೇ. 84ರಷ್ಟು ಹೆಚ್ಚಿತ್ತು ಎಂಬುದು ಆ ಸಂಖ್ಯೆಯ ಅರ್ಥ. ನೂರರಲ್ಲಿ 84 ಜನ ಸಾಯುತ್ತಾರೆ ಎಂದಲ್ಲ. ಲೆಕ್ಕ ಹೇಳಿಕೊಟ್ಟ ನಿಮಗೆ ಈ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಫೇಲಾದವರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು ಹೆಚ್ಚಿದ್ದವು. ಒಂಟಿ ಕಾಲಲ್ಲಿ ನಿಲ್ಲಲಾಗದ್ದು ಅವರನ್ನು ಕೊಲ್ಲಲಿಲ್ಲ. ದೇಹದೊಳಗೆ ಬೇರೇನೋ ನಡೆಯುತ್ತಿದೆ ಎಂದು ಅದು ತೋರಿಸುತ್ತಿತ್ತು, ಅಷ್ಟೆ. ಹಾಗಾಗಿ ಗಡಿಯಾರ ಹಿಡಿದು ಅಭ್ಯಾಸ ಮಾಡಿ ನಾಲ್ಕನ್ನು ಹತ್ತಕ್ಕೆ ಏರಿಸಿದರೆ ಆಯುಷ್ಯ ಕೂಡಿಬರುವುದಿಲ್ಲ. ಆ ಬೇರೇನೋ ಯಾವುದು ಎಂದು ಹುಡುಕಬೇಕು.

ನಾವು ನೆಟ್ಟಗೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಹೋಗುತ್ತಿರಬೇಕು. ಕಣ್ಣು ಒಂದು. ಕಿವಿಯ ಒಳಭಾಗ ಇನ್ನೊಂದು: ಅಲ್ಲಿ ತಲೆ ಎತ್ತ ತಿರುಗಿತು, ಎತ್ತ ಬಾಗಿತು ಎಂದು ಹೇಳುವ ಪುಟ್ಟ ನಾಳಗಳೂ ಸುಣ್ಣದ ಸಣ್ಣ ಹರಳುಗಳೂ ಇವೆ. ಮೂರನೆಯದು ಅಂಗಾಲಿನ ಚರ್ಮ, ಪಾದದ ಗಂಟು, ಕಾಲಿನ ಸ್ನಾಯುಗಳಿಂದ ಬರುವ ಸುದ್ದಿ. ಇದನ್ನು ಯಾರೂ ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಕಣ್ಣು ಮುಚ್ಚಿದರೂ ಪಾದ ಹೇಗಿದೆ, ನೆಲ ಇಳಿಜಾರೋ ಸಮವೋ ಎಂದು ನಿಮಗೆ ಗೊತ್ತಾಗುವುದು ಅದರಿಂದಲೇ. ಮೂರರಲ್ಲಿ ಒಂದು ಕುಂದಿದರೆ ಉಳಿದೆರಡು ಹೇಗೋ ಸರಿದೂಗಿಸುತ್ತವೆ, ಎಷ್ಟೋ ವರ್ಷ ನಮಗೆ ಗೊತ್ತೇ ಆಗುವುದಿಲ್ಲ.

ಈಗ ಸೋಪಿಗೆ ಬರೋಣ. ಕಣ್ಣು ತೆರೆದಿದ್ದಾಗ ನೀವು ಸರಿ ಇದ್ದೀರಿ. ಕಣ್ಣು ಮುಚ್ಚಿ ತಲೆ ಬಾಗಿಸಿದ ಕೂಡಲೇ ವಾಲುತ್ತೀರಿ. ಕಾಲಿನಿಂದ ಬರುವ ಸುದ್ದಿ ಮಂಕಾಗಿ, ಕಣ್ಣೇ ಅದರ ಕೆಲಸವನ್ನೂ ಮಾಡುತ್ತಿರಬಹುದು ಎಂಬ ಅನುಮಾನ ಬರುವುದು ಇಲ್ಲೇ. ಹನ್ನೊಂದು ವರ್ಷದ ಶುಗರ್ ಪಾದದ ನರಗಳನ್ನು ಸವೆಸಿರಬಹುದು, ಇದು ಮೊದಲ ಕಾರಣ. ಎರಡನೆಯದು ವಿಟಮಿನ್ ಬಿ12, ಅದು ಕಡಿಮೆಯಾದರೂ ನರ ಕೆಡುತ್ತದೆ. ಸಸ್ಯಾಹಾರದಲ್ಲಿ ಅದು ಮೊದಲೇ ಕಡಿಮೆ, ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಮೆಟ್‌ಫಾರ್ಮಿನನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಇನ್ನಷ್ಟು ತಗ್ಗುತ್ತದೆ. ನಿಮ್ಮಲ್ಲಿ ಎರಡೂ ಕಾರಣಗಳು ಕೂಡಿವೆ.

ನನ್ನ ಬಳಿ ಬರುವ ಶುಗರ್ ಇರುವವರನ್ನು ನಾನು ಕೇಳುವುದು ಜೋಮು ಇದೆಯಾ ಎಂದಲ್ಲ. ಅದಕ್ಕೆ ಬಹಳ ಜನ ಇಲ್ಲ ಅನ್ನುತ್ತಾರೆ. ನಡೆಯುವಾಗ ಹವಾಯಿ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದದ್ದು ಗೊತ್ತಾಗುತ್ತದಾ ಎಂದು ಕೇಳುತ್ತೇನೆ. ಆಗ ಹೆಂಡತಿಯೋ ಮಗಳೋ ಪಕ್ಕದಿಂದ ನಗುತ್ತಾರೆ, ಉತ್ತರ ಸಿಕ್ಕಿಬಿಡುತ್ತದೆ. ಹತ್ತಿಯ ಮೇಲೆ ನಡೆದ ಹಾಗಿರುತ್ತದೆ ಎನ್ನುವವರೂ ಇದ್ದಾರೆ. ನಿಮಗೆ ಇವೆರಡರಲ್ಲಿ ಯಾವುದಾದರೂ ಆಗಿದೆಯೇ ನೋಡಿಕೊಳ್ಳಿ.

ಇಷ್ಟನ್ನೇ ಹಿಡಿದು ನಿಮಗೆ ನರದ ಸಮಸ್ಯೆ ಎಂದು ಪತ್ರದಲ್ಲಿ ಷರಾ ಬರೆಯಲಾರೆ. ಪರೀಕ್ಷೆ ಸುಲಭವಿದೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುತ್ತಾರೆ, 128 ಹರ್ಟ್ಸ್‌ನ ಶ್ರುತಿಕವೆಯನ್ನು (ಬಡಿದರೆ ಕಂಪಿಸುವ ಲೋಹದ ಕವೆ) ಹೆಬ್ಬೆರಳಿನ ಮೂಳೆಗೆ ಇಟ್ಟು ಕಂಪನ ತಿಳಿಯುತ್ತದಾ ಕೇಳುತ್ತಾರೆ. ಐದು ನಿಮಿಷದ ಕೆಲಸ. ಶುಗರ್ ನೋಡುವ ವೈದ್ಯರು ವರ್ಷಕ್ಕೊಮ್ಮೆ ಮಾಡಬೇಕಾದದ್ದು. ಮಾಡದಿದ್ದರೆ ನೀವೇ ಕೇಳಿ ಮಾಡಿಸಿ. ಜೊತೆಗೆ ರಕ್ತದಲ್ಲಿ ಬಿ12, ಮೂರು ತಿಂಗಳ ಸರಾಸರಿ ಶುಗರ್ ನೋಡಿಸಿ. ಬಿ12 ಕಡಿಮೆ ಇದ್ದರೆ ಇಂಜೆಕ್ಷನ್ನೋ ಮಾತ್ರೆಯೋ ಅವರು ಹೇಳಲಿ. ಕೊರತೆಯಿಂದಾದ ಹಾನಿಯನ್ನು ಬೇಗ ಹಿಡಿದಷ್ಟು ಹೆಚ್ಚು ಸರಿಪಡಿಸಬಹುದು. ಶುಗರ್‌ನಿಂದ ಸವೆದ ನರ ಮಾತ್ರ ಪೂರ್ತಿ ಹಿಂದಿನಂತಾಗುವುದು ಕಡಿಮೆ. ಶುಗರನ್ನು ಹತೋಟಿಯಲ್ಲಿಟ್ಟರೆ ಅದು ಇನ್ನಷ್ಟು ಸವೆಯುವುದನ್ನು ನಿಧಾನಿಸಬಹುದು.

ಮಾತ್ರೆಗಳ ಬಗ್ಗೆ ಇನ್ನೊಂದು ಮಾತು. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಎರಡೂ ಸೇರಿ, ಮಲಗಿದ್ದವರು ಎದ್ದು ನಿಂತ ಕೂಡಲೇ ಬಿಪಿ ಇಳಿಯುವಂತೆ ಮಾಡಬಹುದು. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ದಡಬಡ ಎದ್ದವರು ಬಾಗಿಲ ಹತ್ತಿರ ಕುಸಿಯುವುದು ಹೀಗೆಯೇ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ವೈದ್ಯರು ಬದಲಿಸುತ್ತಾರೆ. ಅಲ್ಲಿಯವರೆಗೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಿ.

ಇನ್ನು ಸರ್ವೈಕಲ್. ನಮ್ಮಲ್ಲಿ ತಲೆ ತಿರುಗಿದರೂ ಸರ್ವೈಕಲ್, ವಾಲಿದರೂ ಸರ್ವೈಕಲ್. ಅರವತ್ತು ದಾಟಿದವರ ಕತ್ತಿನ ಎಕ್ಸ್‌ರೇ ತೆಗೆದರೆ ಸವೆತ ಕಂಡೇ ಕಾಣುತ್ತದೆ, ಅದರಿಂದ ಅದೇ ಕಾರಣ ಎಂದಾಗುವುದಿಲ್ಲ. ಬೆಲ್ಟ್ ಹಾಕಿದರೆ ಕತ್ತು ಆಡುವುದಿಲ್ಲ, ಕಾಲ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ, ಬೀಳುವುದು ಇನ್ನೂ ಸುಲಭವಾಗುತ್ತದೆ. ಹಾಗೆಂದು ಕತ್ತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಕತ್ತಿನ ಮಟ್ಟದಲ್ಲಿ ಬೆನ್ನುಹುರಿಯೇ ಒತ್ತಿಕೊಂಡರೆ ನಡಿಗೆ ಬಿಗಿಯಾಗುತ್ತದೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಬರೆದ ಅಕ್ಷರ ಕೆಡುತ್ತದೆ. ಅದು ಬೆಲ್ಟಿಗೆ ಬಗ್ಗುವುದಲ್ಲ, ನರತಜ್ಞರು ನೋಡಬೇಕು. ಪತ್ರದಲ್ಲಿನ ನಿಮ್ಮ ಕೈಬರಹ ಬೋರ್ಡಿನ ಮೇಲಿನ ಅಕ್ಷರದಂತೆ ದುಂಡಗಿದೆ, ಆ ಮಟ್ಟಿಗೆ ನನಗೆ ನೆಮ್ಮದಿ.

ಕಿವಿಯ ಸಮಸ್ಯೆ ಬೇರೆ ರೀತಿ ಇರುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲಿನ ಕಪಾಟು ನೋಡಲು ತಲೆ ಎತ್ತಿದಾಗ ಕೋಣೆಯೇ ಗಿರ್ರನೆ ತಿರುಗಿ, ನಿಮಿಷದೊಳಗೆ ನಿಂತುಹೋದರೆ ಅದು ಬಹುಮಟ್ಟಿಗೆ ಒಳಕಿವಿಯ ಹರಳು ಜಾಗ ತಪ್ಪಿದ್ದು. ಎಪ್ಲಿ ಎಂಬ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ತಿರುಗಿಸಿ ಆ ಹರಳನ್ನು ವಾಪಸು ಕೂರಿಸುತ್ತೇವೆ, ಎಷ್ಟೋ ಜನಕ್ಕೆ ಒಂದೆರಡು ಸಲಕ್ಕೇ ಗುಣ ಕಾಣುತ್ತದೆ. ಅದಕ್ಕೆ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗಿಸುವುದು ನನಗೆ ಸರಿ ಕಾಣುವುದಿಲ್ಲ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಾಜಿನ್ ಥರದವನ್ನು ವಯಸ್ಸಾದವರಿಗೆ ಬಹುಕಾಲ ಕೊಟ್ಟರೆ ಪಾರ್ಕಿನ್ಸನ್ ಬಂದವರಂತೆ ಮೈ ಬಿಗಿದು ನಡಿಗೆ ಮತ್ತೂ ಕೆಡಬಹುದು. ನೀವು ತಿರುಗುವಿಕೆಯ ಮಾತೇ ಎತ್ತಿಲ್ಲ, ಹಾಗಾಗಿ ಕಿವಿಯ ಮೇಲೆ ನನಗೆ ಅಷ್ಟು ಅನುಮಾನವಿಲ್ಲ. ಅಂಥ ತೊಂದರೆ ಇರುವ ಬೇರೆ ಓದುಗರು ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಒಳಕಿವಿಯ ಪರೀಕ್ಷೆ ಮಾಡುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ. ಇದುವರೆಗೆ ಇಲ್ಲದ ವಾಲುವಿಕೆ ಇದ್ದಕ್ಕಿದ್ದಂತೆ ಬಂದು, ಅದರ ಜೊತೆ ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಎರಡೆರಡು ಕಾಣುವುದು, ಒಂದು ಕಡೆಯ ಕೈಕಾಲು ಸೋಲುವುದು ಇದ್ದರೆ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿಸುತ್ತ ಕೂರಬೇಡಿ. ಅದು ಪಾರ್ಶ್ವವಾಯು ಇರಬಹುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ ಮಾತ್ರ, ಅದರಲ್ಲಿ ಊರಿಂದ ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತೂ ಸೇರಿದೆ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಬ್ಯಾಲೆನ್ಸ್ ಎಂದರೆ ಅಲುಗದೆ ನಿಲ್ಲುವುದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಜನ ಬೀಳುವುದು ಸುಮ್ಮನೆ ನಿಂತಿದ್ದಾಗ ಕಡಿಮೆ. ಹೊಸ್ತಿಲು ಎಡವಿದಾಗ, ಯಾರೋ ಕರೆದರೆಂದು ಥಟ್ಟನೆ ತಿರುಗಿದಾಗ, ಕುರ್ಚಿಯಿಂದ ಏಳುವಾಗ, ಹಸಿ ನೆಲದಲ್ಲಿ ಕಾಲು ಸರಿದಾಗ ಬೀಳುತ್ತಾರೆ. ಆ ಅರೆಕ್ಷಣದಲ್ಲಿ ಬೇಕಾದದ್ದು ಒಂದು ಹೆಜ್ಜೆಯನ್ನು ಬೇಗ, ಸರಿಯಾದ ಜಾಗದಲ್ಲಿ ಇಟ್ಟು ಸಾವರಿಸಿಕೊಳ್ಳುವ ಕಸುವು. ಯಾವುದನ್ನು ಅಭ್ಯಾಸ ಮಾಡುತ್ತೇವೋ ದೇಹ ಅದನ್ನೇ ಕಲಿಯುತ್ತದೆ. ಒಂಟಿ ಕಾಲಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿದವರು ಒಂಟಿ ಕಾಲಲ್ಲಿ ನಿಲ್ಲುವುದರಲ್ಲಿ ಪಳಗುತ್ತಾರೆ. ಆ ಪಳಗಿಕೆ ಹೊಸ್ತಿಲಿಗೆ ತಾನಾಗಿ ಒದಗಿ ಬರುವುದು ಅಲ್ಪಸ್ವಲ್ಪ ಮಾತ್ರ.

ನಿಮ್ಮ ಬೆಳಗಿನ ನಾಲ್ಕು ಕಿಲೋಮೀಟರಿಗೂ ಇದೇ ಮಾತು. ಶುಗರಿಗೆ, ಹೃದಯಕ್ಕೆ ಅದು ಬೇಕೇ ಬೇಕು, ಬಿಡಬೇಡಿ. ಬರೀ ನಡಿಗೆಯಿಂದ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಮಾತ್ರ ಗಟ್ಟಿ ಆಧಾರ ಸಿಕ್ಕಿಲ್ಲ. ಆಧಾರ ಇರುವುದು ಬ್ಯಾಲೆನ್ಸ್ ಮತ್ತು ಕಾಲಿನ ಬಲ ಎರಡನ್ನೂ ಪರೀಕ್ಷಿಸುವಂಥ ವ್ಯಾಯಾಮಕ್ಕೆ. 2019ರಲ್ಲಿ 108 ಅಧ್ಯಯನಗಳನ್ನು, ಅಂದರೆ 23 ಸಾವಿರಕ್ಕೂ ಹೆಚ್ಚು ಹಿರಿಯರನ್ನು, ಒಟ್ಟುಗೂಡಿಸಿ ನೋಡಿದಾಗ ವ್ಯಾಯಾಮ ಮಾಡಿದವರು ಬೀಳುವುದು ಸುಮಾರು ಕಾಲುಭಾಗದಷ್ಟು ಇಳಿದಿತ್ತು. ವಾರಕ್ಕೆ ಒಟ್ಟು ಮೂರು ಗಂಟೆಯಷ್ಟು, ಸ್ವಲ್ಪ ಕಷ್ಟ ಅನ್ನಿಸುವ ಮಟ್ಟದಲ್ಲಿ ಮಾಡಿದವರಿಗೆ ಲಾಭ ಹೆಚ್ಚು.

ಮನೆಯಲ್ಲಿ ಮಾಡುವ ಬಗೆ ಹೇಳುತ್ತೇನೆ. ಜಾಗ ಎರಡೇ: ಅಡುಗೆ ಕಟ್ಟೆಯ ಮುಂದೆ, ಅಥವಾ ಕೋಣೆಯ ಮೂಲೆಯಲ್ಲಿ ಬೆನ್ನ ಹಿಂದೆ ಎರಡು ಗೋಡೆ, ಮುಂದೆ ಗಟ್ಟಿ ಕುರ್ಚಿ. ಕೋಣೆಯ ನಡುಮಧ್ಯೆ ಯಾವುದನ್ನೂ ಮಾಡಬೇಡಿ.

ಮೊದಲು ಕುರ್ಚಿ. ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ದೊಪ್ಪನೆ ಕೂರದೆ ಮೂರು ಎಣಿಸುತ್ತ ನಿಧಾನ ಕೂರಿ. ಎಂಟು ಹತ್ತು ಸಲ, ಸ್ವಲ್ಪ ದಣಿವಾರಿಸಿಕೊಂಡು ಮತ್ತೆ. ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೊಡೆಯ ಬಲ ಸಾಲದು ಎಂದು ತಿಳಿಯಿರಿ. ಒಂಟಿ ಕಾಲಿಗಿಂತ ಈ ಲೆಕ್ಕ ಬರೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ನೋಡಿ. ಆಮೇಲೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಅದಾದ ಮೇಲೆ ಹಿಮ್ಮಡಿ ಊರಿ ಕಾಲ್ಬೆರಳುಗಳನ್ನೆಲ್ಲ ಮೇಲಕ್ಕೆತ್ತುವುದು. ಈ ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸ್ತಿಲಿಗೆ ಬೆರಳು ತಾಗದಂತೆ ಪಾದ ಎತ್ತುವ ಸ್ನಾಯು ಪಳಗುವುದು ಅದರಲ್ಲೇ. ಕಟ್ಟೆಯ ಉದ್ದಕ್ಕೂ ಅಡ್ಡಡ್ಡ ಹೆಜ್ಜೆ ಹಾಕಿ ಹೋಗಿ ಬನ್ನಿ, ಸೊಂಟದ ಪಕ್ಕದ ಸ್ನಾಯು ಗಟ್ಟಿಯಾಗುತ್ತದೆ. ಪ್ಯಾಂಟಿಗೆ ಒಂದು ಕಾಲು ಎತ್ತಿದಾಗ ದೇಹವನ್ನು ಹಿಡಿದು ನಿಲ್ಲಿಸುವುದು ಅದು.

ಮೂಲೆಯಲ್ಲಿ ನಿಲ್ಲುವ ಅಭ್ಯಾಸ ಹೀಗೆ: ಮೊದಲು ಪಾದಗಳನ್ನು ಜೋಡಿಸಿ. ಸುಲಭವಾದರೆ ಒಂದು ಪಾದವನ್ನು ಅರ್ಧ ಮುಂದಿಡಿ. ಅದೂ ಸುಲಭವಾದರೆ ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ. ಹತ್ತು ಸೆಕೆಂಡಿನಿಂದ ಮೂವತ್ತಕ್ಕೆ ಏರಿಸಿ. ಗೋಡೆಯನ್ನು ಗಟ್ಟಿಯಾಗಿ ಹಿಡಿದರೆ ಅಭ್ಯಾಸವೇ ಆಗುವುದಿಲ್ಲ, ಬೆರಳ ತುದಿ ತಾಗಿಸಿ ಸಾಕು. ನೂರು ಗ್ರಾಂ ತೂಕದಷ್ಟೂ ಒತ್ತದೆ ಬೆರಳು ತಾಗಿಸಿದರೂ ದೇಹದ ಓಲಾಟ ಇಳಿಯುತ್ತದೆ ಎಂದು 1990ರ ದಶಕದಲ್ಲೇ ಪ್ರಯೋಗಗಳಲ್ಲಿ ಕಂಡಿದ್ದಾರೆ. ಗೋಡೆ ನಿಮ್ಮನ್ನು ಎತ್ತಿ ಹಿಡಿಯುವುದಿಲ್ಲ, ಕಾಲು ಹೇಳಲಾಗದ ಸುದ್ದಿಯನ್ನು ಬೆರಳಿನ ಮೂಲಕ ಮಿದುಳಿಗೆ ಮುಟ್ಟಿಸುತ್ತದೆ. ಹಾಗಾಗಿ ಪ್ಯಾಂಟ್ ಹಾಕುವಾಗ ಗೋಡೆ ಮುಟ್ಟುವುದಕ್ಕೆ ನಾಚಬೇಕಿಲ್ಲ. ಕೈಯಲ್ಲಿ ಕೋಲು ಹಿಡಿಯುವುದಕ್ಕೂ ಅಷ್ಟೆ.

ನಿಂತಲ್ಲಿ ಸ್ವಲ್ಪ ಓಲಾಡಬೇಕು. ಓಲಾಡದಿದ್ದರೆ ಅಭ್ಯಾಸ ಸುಲಭವಾಯಿತು ಎಂದರ್ಥ, ಮೇಲಿನ ಮೆಟ್ಟಿಲಿಗೆ ಹೋಗಿ. ಪದೇಪದೇ ಗೋಡೆ ಹಿಡಿಯುವಂತಾದರೆ ಒಂದು ಮೆಟ್ಟಿಲು ಇಳಿಯಿರಿ. ಎರಡು ವಾರ ಕಳೆದ ಮೇಲೆ ನಿಂತುಕೊಂಡೇ ತಲೆಯನ್ನು ಎಡಬಲ ತಿರುಗಿಸಿ, ಹದಿನೇಳರ ಮಗ್ಗಿಯನ್ನು ಜೋರಾಗಿ ಹೇಳಿ. ತಮಾಷೆಗೆ ಹೇಳುತ್ತಿಲ್ಲ. ಮಾತಾಡಲು ನಡಿಗೆ ನಿಲ್ಲಿಸಲೇಬೇಕಾಗುವ ವೃದ್ಧರು ಹೆಚ್ಚು ಬೀಳುತ್ತಾರೆ ಎಂದು 1997ರಲ್ಲಿ ಸ್ವೀಡನ್ನಿನವರು ತೋರಿಸಿದರು. ಎರಡು ಕೆಲಸ ಒಟ್ಟಿಗೆ ಮಾಡುವುದನ್ನೂ ಕಲಿಸಬೇಕಾಗುತ್ತದೆ. ಕಣ್ಣು ಮುಚ್ಚಿ ನಿಲ್ಲುವ ಅಭ್ಯಾಸವನ್ನು ಮಾತ್ರ ನೀವಾಗಿ ಶುರುಮಾಡಬೇಡಿ, ನಿಮ್ಮಂಥವರಿಗೆ ಅದರಲ್ಲೇ ಅಪಾಯ. ಕಾಲಿನ ಪರೀಕ್ಷೆಯಾದ ಮೇಲೆ ಫಿಸಿಯೋ ಒಬ್ಬರು ಪಕ್ಕದಲ್ಲಿ ನಿಂತು ಮಾಡಿಸಲಿ.

ಇದಕ್ಕಿಂತ ಮುಖ್ಯವಾದದ್ದು ಹೆಜ್ಜೆ. ನೆಲದಲ್ಲಿ ಮಡಿಸಿದ ಪೇಪರನ್ನೋ ತೆಳ್ಳಗಿನ ಪುಸ್ತಕವನ್ನೋ ಇಟ್ಟು ದಾಟಿ: ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ, ಕಟ್ಟೆ ಕೈಗೆಟಕುವಷ್ಟು ಹತ್ತಿರವಿರಲಿ. ಆಮೇಲೆ ಮನೆಯವರು ಮುಂದೆ, ಎಡ, ಹಿಂದೆ ಎಂದು ಕೂಗಲಿ, ಕೂಗಿದ ಕಡೆಗೆ ಥಟ್ಟನೆ ಹೆಜ್ಜೆ ಇಟ್ಟು ವಾಪಸು ಬನ್ನಿ. ಎರಡು ಕುರ್ಚಿ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ನಡೆಯಿರಿ, ಎರಡೂ ದಿಕ್ಕಿಗೆ. ತಿರುಗುವಾಗ ಪಾದ ತಿರುಚದೆ ಪುಟ್ಟ ಪುಟ್ಟ ಹೆಜ್ಜೆ. ಹೀಗೆ ಬೇಗ ಹೆಜ್ಜೆ ಇಡುವುದನ್ನೇ ಕಲಿಸಿದ ಅಧ್ಯಯನಗಳಲ್ಲಿ ಬೀಳುವುದು ಸುಮಾರು ಅರ್ಧದಷ್ಟು ಇಳಿದದ್ದಿದೆ. ಜಾರಿಸಿ ಎಡವಿಸಿ ಸಾವರಿಸಿಕೊಳ್ಳಲು ಕಲಿಸುವ ವಿಧಾನವೂ ಉಂಟು, ಅದು ಮೈಗೆ ಬೆಲ್ಟ್ ಕಟ್ಟಿ ಮಾಡಿಸುವ ಕಡೆ ಮಾತ್ರ.

ಇನ್ನೊಂದು, ನೆಲದಲ್ಲಿ ಕೂತು ಏಳುವುದು. ಮೊದಲು ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತಿದ್ದಾಗ ಈ ವ್ಯಾಯಾಮ ಪುಕ್ಕಟೆಯಾಗಿ ಆಗುತ್ತಿತ್ತು. ಈಗ ಮದುವೆ ಮನೆಯಲ್ಲೂ ಟೇಬಲ್. ಮೊಣಕಾಲು ಒಪ್ಪಿದರೆ, ಕುರ್ಚಿಯ ಆಸರೆಯಲ್ಲಿ ದಿನಕ್ಕೆ ಒಂದೆರಡು ಸಲ ನೆಲಕ್ಕಿಳಿದು ಎದ್ದೇಳಿ. ಬಿದ್ದರೆ ಏಳಬಲ್ಲೆ ಎಂಬ ಧೈರ್ಯ ಬಂದವರ ನಡಿಗೆಯೇ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೆದರಿಕೊಂಡವರು ಮೈ ಬಿಗಿ ಹಿಡಿದು, ಪಾದವನ್ನೇ ನೋಡುತ್ತ, ಕಾಲೆಳೆದು ನಡೆಯುತ್ತಾರೆ. ಮಗಳ ಸಲಹೆಗೆ ನನ್ನ ಆಕ್ಷೇಪ ಇಲ್ಲಿದೆ. ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಆರು ತಿಂಗಳು ಮನೆಯಲ್ಲಿ ಕೂತರೆ ತೊಡೆ ಸೊರಗುತ್ತದೆ, ಶುಗರ್ ಏರುತ್ತದೆ, ಬೀಳುವ ಸಾಧ್ಯತೆ ಹೆಚ್ಚುತ್ತದೆ.

ವೃಕ್ಷಾಸನ ಮಾಡಬಹುದು. ಒಂದು ಕೈ ಗೋಡೆಗೆ, ಎತ್ತಿದ ಪಾದವನ್ನು ಮೊಣಕಾಲಿನ ಪಕ್ಕಕ್ಕೆ ಒತ್ತದೆ ಮೀನಖಂಡದ ಬಳಿ ಇಟ್ಟು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಗೋಡೆ, ಕುರ್ಚಿ, ಹಗ್ಗಗಳನ್ನು ಆಸನಕ್ಕೆ ತಂದದ್ದು ಇಂಥ ದೇಹಗಳಿಗೂ ಯೋಗ ಸಿಗಲಿ ಎಂದೇ. ಗೋಡೆ ಹಿಡಿದರೆ ಆಸನವಲ್ಲ ಎನ್ನುವ ಗುರುಗಳು ಸಿಕ್ಕರೆ ಅವರ ಕ್ಲಾಸು ನಿಮಗಲ್ಲ. ಆದರೆ ವೃಕ್ಷಾಸನವೊಂದರಿಂದಲೇ ಸರಿಹೋಗುತ್ತದೆ ಎಂಬ ಭರವಸೆ ಬೇಡ, ಅದು ನಿಂತಲ್ಲಿ ನಿಲ್ಲುವ ಅಭ್ಯಾಸ.

ಮಗ ಕಳಿಸಿದ ಬೋರ್ಡನ್ನು ಅಟ್ಟಕ್ಕೆ ಹಾಕಿ. ಪಾದ ಉಳುಕಿಸಿಕೊಂಡ ಆಟಗಾರರಿಗೆ ಅದು ಒಳ್ಳೆಯದು. ಪಾದದ ಸ್ಪರ್ಶಜ್ಞಾನವೇ ಅನುಮಾನದಲ್ಲಿರುವಾಗ ಅಲುಗಾಡುವ ಹಲಗೆಯ ಮೇಲೆ ನಿಲ್ಲುವುದು ಮೂಳೆ ಮುರಿದುಕೊಳ್ಳುವ ದಾರಿ. ಹಲಗೆಯ ಮೇಲೆ ಪಳಗಿದರೂ ಆ ವಿದ್ಯೆ ಬಹುಮಟ್ಟಿಗೆ ಹಲಗೆಗೇ ಸೀಮಿತ.

ಬಲ ಬರುವುದಕ್ಕೆ ಎರಡು ಮೂರು ತಿಂಗಳು ಬೇಕು, ವಾರಕ್ಕೆ ಕನಿಷ್ಠ ಮೂರು ದಿನ ಮಾಡಬೇಕು. ಬಿಟ್ಟರೆ ಬಂದದ್ದು ಕರಗುತ್ತದೆ. ಒಂಟಿಯಾಗಿ ಬೇಸರವಾದರೆ ನಿಮ್ಮೂರಲ್ಲಿ ಕೋಲಾಟದ ಗುಂಪಿದ್ದರೆ ಸೇರಿಕೊಳ್ಳಿ. ಅಡ್ಡ ಹೆಜ್ಜೆ, ತಿರುಗು, ತಾಳ, ಎದುರಿನವರ ಕೋಲು, ಬಾಯಲ್ಲಿ ಹಾಡು ಎಲ್ಲವೂ ಒಟ್ಟಿಗೆ. ನಾವು ಕ್ಲಿನಿಕ್ಕಿನಲ್ಲಿ ಕಷ್ಟಪಟ್ಟು ಕಟ್ಟುವ ವ್ಯಾಯಾಮ ಅದರಲ್ಲಿ ತಯಾರಾಗಿಯೇ ಇದೆ. ಯಕ್ಷಗಾನದ ಹೆಜ್ಜೆ ಬಲ್ಲವರಾದರೆ ಅದೂ ಆದೀತು, ಮಂಡಿ ಹಾಕಿ ಸುತ್ತುವುದೊಂದು ಬೇಡ.

ಅಮ್ಮನ ಸೊಂಟದ ಮಾತು. ತಂದೆ ಅಥವಾ ತಾಯಿಗೆ ಸೊಂಟದ ಮೂಳೆ ಮುರಿದಿದ್ದರೆ ಮಕ್ಕಳಿಗೂ ಮೂಳೆ ಮುರಿಯುವ ಅಪಾಯ ಹೆಚ್ಚು. ಗಂಡಸರಿಗೆ ಇದು ಬರುವುದಿಲ್ಲ ಎಂಬುದು ಸುಳ್ಳು. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಬೇಕಾ ಎಂದು ವೈದ್ಯರನ್ನು ಕೇಳಿ. ವಿಟಮಿನ್ ಡಿ ಸ್ಯಾಚೆಯನ್ನು ಮಾತ್ರ ಪ್ರಸಾದದಂತೆ ವರ್ಷಪೂರ್ತಿ ತೆಗೆದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು ಎಂದು 2010ರಲ್ಲಿ ವರದಿಯಾಗಿದೆ.

ಮನೆಯ ವಿಷಯ ಚುಟುಕಾಗಿ: ಮುಖ ತೊಳೆಯುವಾಗ ಒಂದು ಕೈ ಗೋಡೆಗೆ ತಾಗಿರಲಿ, ಇಲ್ಲವೇ ಸ್ಟೂಲಿನ ಮೇಲೆ ಕೂತು ತೊಳೆಯಿರಿ. ಬಚ್ಚಲಲ್ಲಿ ಹಿಡಿಕೆಯನ್ನು ಗೋಡೆಗೆ ಬೋಲ್ಟ್ ಹಾಕಿಸಿ, ಟವೆಲ್ ರಾಡನ್ನು ನಂಬಬೇಡಿ. ನಿಮ್ಮ ಕಣ್ಣೇ ಕಾಲಿನ ಕೆಲಸ ಮಾಡುತ್ತಿರಬಹುದಾದ್ದರಿಂದ ಮಂಚದಿಂದ ಬಚ್ಚಲವರೆಗೆ ರಾತ್ರಿ ದೀಪ ಉರಿಯಲೇಬೇಕು. ಅಂಗಳದ ಪಾಚಿಗೆ ಮಳೆ ಹಿಡಿಯುವ ಮೊದಲೇ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿ ಇರುವುದನ್ನು ಹಾಕಿ, ಬರಿಗಾಲಲ್ಲಿ ಅಂಗಳಕ್ಕಿಳಿಯಬೇಡಿ, ರಾತ್ರಿ ಅಂಗಾಲು ನೋಡಿಕೊಳ್ಳಿ.

ಶಟಲ್ ಪೂರ್ತಿ ಬಿಡಬೇಕಿಲ್ಲ. ಬೇಗ ಹೆಜ್ಜೆ ಇಟ್ಟು ಮತ್ತೆ ನಡುವಿಗೆ ಬರುವುದೇ ಆ ಆಟ, ನಾನು ಮೇಲೆ ಹೇಳಿದ್ದರ ದೊಡ್ಡಣ್ಣ. ಅದಕ್ಕೇ ಅದರಲ್ಲಿ ಅಪಾಯವೂ ದೊಡ್ಡದು. ಪರೀಕ್ಷೆಗಳಾಗಿ, ಎರಡು ತಿಂಗಳು ಮನೆಯ ಅಭ್ಯಾಸ ನಡೆದು, ಒಂದೇ ಗೆರೆಯಲ್ಲಿ ಪಾದವಿಟ್ಟು ಏನೂ ಹಿಡಿಯದೆ ಹತ್ತು ಸೆಕೆಂಡ್ ನಿಲ್ಲುವಂತಾದ ಮೇಲೆ ಕೋರ್ಟಿಗೆ ಹೋಗಿ. ಮೊದಲ ಕೆಲವು ದಿನ ಬ್ಯಾಟು ಹಿಡಿದು, ಶಟಲ್ ಇಲ್ಲದೆ ಬರೀ ಹೆಜ್ಜೆ. ಆಮೇಲೆ ಡಬಲ್ಸ್, ನೆಟ್ಟಿನ ಹತ್ತಿರ. ಒದ್ದೆ ನೆಲವಿದ್ದ ದಿನ ವಾಪಸು ಬನ್ನಿ. ಕಾಲಲ್ಲಿ ಆಟದ ಶೂ ಇರಲಿ, ವಾಕಿಂಗ್ ಶೂ ಪಕ್ಕದ ಹೆಜ್ಜೆಗೆ ಮಗುಚಿಕೊಳ್ಳುತ್ತದೆ. ಈ ವಯಸ್ಸಿನ ಆಟಗಾರರಲ್ಲಿ ನಾನು ನೋಡುವ ಕೆಟ್ಟ ಪೆಟ್ಟುಗಳು ಹೆಚ್ಚಾಗಿ ತಲೆ ಮೇಲಕ್ಕೆತ್ತಿ ಹಿಂದಕ್ಕೆ ಓಡುವಾಗ ಆದವು. ಆದ್ದರಿಂದ ನಿಮ್ಮ ತಲೆಯ ಮೇಲೆ ಹಾದುಹೋದ ಶಟಲ್ ಇನ್ನು ಮುಂದೆ ಜೊತೆಗಾರರದ್ದು, ಅವರೂ 60 ದಾಟಿದ್ದರೆ ಪಾಯಿಂಟ್ ಬಿಟ್ಟುಕೊಡಿ.